ಎಡಗಣ್ಣಿನೊಳಗಿನ ಅಡಿಕೆ

ಮದುವೆಯಾಗಲಿ, ಗೃಹಪ್ರವೇಶವಾಗಲಿ, ತಾಂಬೂಲದ ತಟ್ಟೆ ನನ್ನ ಮುಂದೆ ಬಂದರೆ ನಾನು ಎಲೆಯನ್ನಷ್ಟೇ ಎತ್ತಿಕೊಂಡು ಅಡಿಕೆಯನ್ನು ತಟ್ಟೆಯಲ್ಲೇ ಬಿಡುತ್ತೇನೆ. ನೋಡಿದವರು ಹಲ್ಲಿನ ತೊಂದರೆ ಎಂದುಕೊಳ್ಳುತ್ತಾರೆ. ಹಲ್ಲು ಗಟ್ಟಿಯಿದ್ದ ಕಾಲದಲ್ಲೂ ಹೀಗೇ ಮಾಡುತ್ತಿದ್ದೆ ಎಂಬುದು ನನ್ನ ಹೆಂಡತಿಗೆ ಮಾತ್ರ ಗೊತ್ತು. ಅವಳು ಒಂದೆರಡು ಸಲ ಕಾರಣ ಕೇಳಿದ್ದಳು. ಗಂಟಲು ಒಣಗುತ್ತದೆ ಎಂದು ಹೇಳಿದೆ. ಅವಳು ನಂಬಲಿಲ್ಲ, ಆದರೆ ಮತ್ತೆ ಕೇಳಲೂ ಇಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಯಾವುದನ್ನು ಕೇಳಬಾರದು ಎಂಬುದು ಹೆಂಡತಿಯರಿಗೆ ತಿಳಿದಿರುತ್ತದೆ.

ಹಾಗೆಂದು ಅಡಿಕೆಯ ಮೇಲೆ ನನಗೇನೂ ದ್ವೇಷವಿಲ್ಲ. ಉಡುಪಿಯ ಹತ್ತಿರ ಹುಟ್ಟಿದವನಿಗೆ ಅಂಥ ದ್ವೇಷ ಇಟ್ಟುಕೊಳ್ಳಲು ಸಾಧ್ಯವೂ ಇಲ್ಲ. ನಮ್ಮ ಅಜ್ಜಿಗೆ ಹಲ್ಲಿರಲಿಲ್ಲ. ಹಿತ್ತಾಳೆಯ ಪುಟ್ಟ ಕುಟ್ಟಾಣಿಯಲ್ಲಿ ಎಲೆ, ಅಡಿಕೆ, ಸುಣ್ಣ ಹಾಕಿ ಕುಟ್ಟಿ ಕೊಡುವುದು ನನ್ನ ಕೆಲಸ. ಆ ಟಣಟಣ ಸದ್ದಿನ ಲಯದಲ್ಲೇ ನಾನು ಮಗ್ಗಿ ಕಲಿತದ್ದು. ಏಳರ ಮಗ್ಗಿ ತಪ್ಪಿದರೆ ಅಜ್ಜಿಗೆ ಗೊತ್ತಾಗುತ್ತಿರಲಿಲ್ಲ. ಅಡಿಕೆಯ ಒಂದು ಚೂರು ದಪ್ಪ ಉಳಿದರೆ ಮಾತ್ರ ತಲೆಗೆ ಮೊಟಕುತ್ತಿದ್ದಳು. ಹೀಗಾಗಿ ಅಡಿಕೆ ನುಣ್ಣಗಾಯಿತು, ಲೆಕ್ಕ ಒರಟಾಗಿಯೇ ಉಳಿಯಿತು. ಎಸ್ಸೆಸ್ಸೆಲ್ಸಿ ಹೇಗೋ ದಾಟಿ ಮುಂಬಯಿಗೆ ಬಂದೆ.

ಬಂದದ್ದು ಎಲ್ಲರ ಹಾಗೆ ಹೋಟೆಲಿಗೆ. ಗ್ರಾಂಟ್ ರೋಡಿನಲ್ಲಿ ನಮ್ಮ ಕಡೆಯ ಶೆಟ್ಟರದೊಂದು ಹೋಟೆಲು. ನಾನು ಚಹದ ಗ್ಲಾಸುಗಳನ್ನು ಒಡೆಯುವ ವೇಗ ನೋಡಿ ಶೆಟ್ಟರು, "ವಾಸು, ನಿನ್ನ ಕೈಗೆ ಗಾಜು ಆಗುವುದಿಲ್ಲ ಮಾರಾಯ, ಕಬ್ಬಿಣ ಆದೀತು" ಎಂದು ಹಿಂದಿನ ಗಲ್ಲಿಯ ಗ್ಯಾರೇಜಿಗೆ ಸೇರಿಸಿದರು. ಗ್ಯಾರೇಜೂ ಅವರದೇ. ಕೋಪ ಬಂದರೆ ಕೈ ಮುಂದೆ, ಮಾತು ಹಿಂದೆ, ಆದರೆ ಊರಿನ ಹುಡುಗರನ್ನು ಬಿಟ್ಟುಹಾಕದ ಮನುಷ್ಯ. ನಾವೆಲ್ಲ ಅವರನ್ನು ಧಣಿ ಎಂದೇ ಕರೆಯುತ್ತಿದ್ದೆವು.

ಆ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸಕ್ಕೆ ಇದ್ದವರು ಇಬ್ಬರು, ನಾನು ಮತ್ತು ಈರಪ್ಪ. ಈರಪ್ಪ ಗದಗದ ಕಡೆಯವನು. ನನಗಿಂತ ಒಂದೆರಡು ವರ್ಷಕ್ಕೆ ಹಿರಿಯ, ಕೆಲಸದಲ್ಲಿ ಇನ್ನೂ ಹಿರಿಯ. ನಮ್ಮಲ್ಲೊಂದು ಪದ್ಧತಿ ಇತ್ತು. ಯಾವ ಗಾಡಿ ಬಂದರೂ ಬಾನೆಟ್ ಎತ್ತಿದ ಮೇಲೆ ಬಲಗಡೆ ಅವನದು, ಎಡಗಡೆ ನನ್ನದು. ಒಬ್ಬರ ಕಡೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಅವನ ಬಾಯಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಲೆ ಅಡಿಕೆ ಇರುತ್ತಿತ್ತು. ಬೆಂಚಿನ ಮೇಲೆ ಅವನ ಪಕ್ಕಡು, ಸ್ಕ್ರೂಡ್ರೈವರುಗಳ ನಡುವೆ ಒಂದು ತಗಡಿನ ಡಬ್ಬಿ ಮತ್ತು ಅಡಕೊತ್ತು ಕೂಡ ಉಪಕರಣಗಳ ಹಾಗೆ ಸಾಲಾಗಿ ಕೂತಿರುತ್ತಿದ್ದವು. ಗ್ಯಾರೇಜಿನಲ್ಲಿ ಮತ್ತೆ ಯಾರೂ ಅಡಿಕೆ ಹಾಕುತ್ತಿರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಈಗ ಕಾರಿನ ವಿಷಯ. ಒಂದು ಕಾಲದಲ್ಲಿ ಕೆಲವು ವಿದೇಶಿ ಕಾರುಗಳಿಗೆ ಹೆಡ್‌ಲೈಟುಗಳು ಬಾನೆಟ್ಟಿನೊಳಗೆ ಮಲಗಿರುತ್ತಿದ್ದವು. ಸ್ವಿಚ್ ಹಾಕಿದರೆ ಎರಡು ಮುಚ್ಚಳ ಎದ್ದು, ಕಪ್ಪೆ ನೀರಿನಿಂದ ಕಣ್ಣು ಹೊರಗೆ ಹಾಕಿದಂತೆ ದೀಪಗಳು ಮೇಲೆ ಬರುತ್ತಿದ್ದವು. ಸ್ವಿಚ್ ತೆಗೆದರೆ ಮತ್ತೆ ಮಲಗುತ್ತಿದ್ದವು. ನಮ್ಮ ಧಣಿ ಅಂಥದೊಂದು ಕೆಂಪು ಜಪಾನಿ ಕಾರನ್ನು ಗಲ್ಫಿನಿಂದ ಬಂದವರೊಬ್ಬರಿಂದ ಕೊಂಡಿದ್ದರು. ಅದು ಗಲ್ಲಿಗೆ ಬಂದರೆ ಮಕ್ಕಳು ಹಿಂದೆ ಓಡುತ್ತಿದ್ದರು. "ಬೇಡೂಕ್ ಆಯಾ, ಬೇಡೂಕ್!" ಮರಾಠಿಯಲ್ಲಿ ಕಪ್ಪೆಗೆ ಹಾಗೆನ್ನುತ್ತಾರೆ. ಧಣಿಗೆ ಅದರ ಮೇಲೆ ಎಷ್ಟು ಪ್ರೀತಿಯೆಂದರೆ ಹಗಲಲ್ಲೂ ಒಮ್ಮೆ ಕಣ್ಣು ತೆರೆದು ಮುಚ್ಚಿ ತೋರಿಸದೆ ಮುಂದೆ ಹೋಗುತ್ತಿರಲಿಲ್ಲ.

ಈ ಕಣ್ಣೆತ್ತುವ ಕೆಲಸಕ್ಕೆ ಒಂದೊಂದು ಕಡೆಗೆ ಒಂದೊಂದು ಸಣ್ಣ ಮೋಟಾರು. ಮೋಟಾರು ಒಂದು ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಒಂದು ತೋಳನ್ನು, ತೋಳು ಮುಚ್ಚಳವನ್ನು. ಆ ಚಕ್ರದ ಹೊಟ್ಟೆಯೊಳಗೆ ಪೆಟ್ಟು ತಡೆಯಲೆಂದು ಮೂರು ನೈಲಾನಿನ ಗುಂಡುಗಳಿರುತ್ತವೆ. ಬಿಸಿಗೆ, ವಯಸ್ಸಿಗೆ ಅವು ಒಣಗಿ ಪುಡಿಯಾಗುತ್ತವೆ. ಆಮೇಲೆ ಮೋಟಾರು ಗರ್ ಎಂದು ಸುಮ್ಮನೆ ತಿರುಗುತ್ತದೆ, ಕಣ್ಣು ಏಳುವುದಿಲ್ಲ. ಒಂದು ಕಡೆ ಎದ್ದು ಇನ್ನೊಂದು ಕಡೆ ಏಳದಿದ್ದರಂತೂ ಕಾರು ದಾರಿಯಲ್ಲಿ ಹೋಗುವ ಹೆಂಗಸರಿಗೆಲ್ಲ ಕಣ್ಣು ಹೊಡೆಯುತ್ತಿರುವಂತೆ ಕಾಣುತ್ತದೆ. ಧಣಿಗೆ ಆ ಅವಮಾನವೂ ಆಗಿತ್ತು.

ಆಯುಧ ಪೂಜೆ ಹತ್ತಿರ ಬಂದಾಗ ಎರಡೂ ಕಣ್ಣು ನಿಂತುಹೋದವು. ಬೇರೆ ಕಾರಾಗಿದ್ದರೆ ಹೂವು ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಗಿಸಬಹುದಿತ್ತು. ಇದಕ್ಕೆ ಹಾಗಲ್ಲ. "ಕಣ್ಣು ಮುಚ್ಚಿಕೊಂಡ ದೇವರಿಗೆ ಯಾರಾದ್ರೂ ಆರತಿ ಎತ್ತುತ್ತಾರಾ? ನನ್ನ ಗಾಡಿ ಕಣ್ಣು ತೆರೆದೇ ಪೂಜೆ ತಗೊಳ್ಬೇಕು. ಅದೂ ಎಲ್ಲರ ಮುಂದೆ, ಸ್ವಿಚ್ಚಿನಲ್ಲಿ" ಎಂದರು ಧಣಿ. ನಿಜವಾಗಿ ಆ ಮೋಟಾರಿನ ಬುಡದಲ್ಲಿ ಒಂದು ಗುಬಟು ಇರುತ್ತದೆ. ಅದನ್ನು ಕೈಯಿಂದ ತಿರುಗಿಸಿದರೂ ಮುಚ್ಚಳ ಏಳುತ್ತದೆ, ಎದ್ದ ಮೇಲೆ ಒಂದು ಮರದ ಚೂರು ಕೊಟ್ಟು ನಿಲ್ಲಿಸಿದರೆ ಪೂಜೆಯೇನು, ಸಂಕ್ರಾಂತಿಯವರೆಗೂ ನಿಂತಿರುತ್ತದೆ. ಈರಪ್ಪ ಅದನ್ನೇ ಹೇಳಿದ. ನಾನು ಕೇಳಲಿಲ್ಲ. ಧಣಿಯ ಬಾಯಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವ ಚಟ ನನಗೆ ಆಗ ಅಡಿಕೆಯ ಚಟಕ್ಕಿಂತ ಕೆಟ್ಟದಾಗಿ ಹಿಡಿದಿತ್ತು.

ಗುಂಡುಗಳಿಗಾಗಿ ಹಳೆಯ ಸಾಮಾನಿನ ಚೋರ್ ಬಜಾರೆಲ್ಲ ಸುತ್ತಿದೆವು. ಸಿಗಲಿಲ್ಲ. ಪೂಜೆಯ ಹಿಂದಿನ ದಿನ ಮಧ್ಯಾಹ್ನ ಈರಪ್ಪ ತನ್ನ ಬಲಗಡೆಯ ಮೋಟಾರನ್ನು ಬಿಚ್ಚಿ ಪೇಪರಿನ ಮೇಲೆ ಹರವಿಟ್ಟು, ಊರಿಗೆ ಹೊರಟಿದ್ದ ಹೆಂಡತಿಯನ್ನು ರೈಲು ಹತ್ತಿಸಲು ವಿ.ಟಿ. ಸ್ಟೇಷನ್ನಿಗೆ ಹೋದ. "ಬಂದು ನೋಡ್ತೀನಿ. ನೈಲಾನ್ ಸಳಿ ಎಲ್ಲೆರ ಸಿಕ್ರ ಕೊರದು ಹಾಕೂಣು. ನೀ ಏನೂ ಮುಟ್ಟಬ್ಯಾಡ" ಎಂದು ಹೇಳಿಯೇ ಹೋದ.

ಮುಟ್ಟಿದೆ. ಬೆಂಚಿನ ಮೇಲೆ ಅವನ ಡಬ್ಬಿ ಇತ್ತು. ಒಳಗೆ ಗಟ್ಟಿ ಅಡಿಕೆ. ಒಂದನ್ನು ಎತ್ತಿ ಚಕ್ರದ ಗುಳಿಯಲ್ಲಿ ಇಟ್ಟು ನೋಡಿದೆ. ಅಜ್ಜಿಯ ಕುಟ್ಟಾಣಿಯಲ್ಲಿ ಅದು ಎಷ್ಟು ಪೆಟ್ಟು ತಿಂದರೂ ಜಗ್ಗದ್ದು ನೆನಪಾಯಿತು. ಅಡಕೊತ್ತಿನಲ್ಲಿ ಕತ್ತರಿಸಿ, ಅರದಿಂದ ಉಜ್ಜಿ, ಮೂರು ಗುಂಡು ಎಡಗಡೆಗೆ, ಮೂರು ಗುಂಡು ಬಲಗಡೆಗೆ. ಗ್ರೀಸ್ ಬಳಿದು ಮುಚ್ಚಿ ಗಾಡಿಗೆ ಕೂರಿಸಿ ಸ್ವಿಚ್ ಹಾಕಿದೆ. ಎರಡೂ ಕಣ್ಣು ಒಟ್ಟಿಗೆ ತೆರೆದವು! ಗ್ಯಾರೇಜಿನಲ್ಲಿ ನಾನೊಬ್ಬನೇ ಕುಣಿದೆ. ಈರಪ್ಪ ಬಂದಾಗ, "ನಿನ್ನದೂ ಮಾಡಿ ಇಟ್ಟಿದ್ದೇನೆ" ಎಂದೆ. "ಏನ್ ಹಾಕೀಯೋ ಒಳಗ?" ಎಂದ. "ನಾಳೆ ಹೇಳ್ತೇನೆ, ನಗ್ಬೇಡ" ಎಂದೆ. ಅವನು ನನ್ನ ಬೆನ್ನು ತಟ್ಟಿ ಸುಮ್ಮನಾದ. ಬಿಚ್ಚಿ ನೋಡಲಿಲ್ಲ.

ಆ ರಾತ್ರಿ ಮಳೆ ಬಂತು. ಕಾರು ಗಲ್ಲಿಯಲ್ಲೇ ನಿಂತಿತ್ತು. ಬಲಗಡೆಯ ಮೋಟಾರಿಗೆ ನೀರು ಇಳಿಯದಂತೆ ಮುಚ್ಚುವ ರಬ್ಬರ್ ಟೋಪಿಯನ್ನು ಹಾಕಲು ನಾನು ಮರೆತಿದ್ದೆ, ಅದು ಪೇಪರಿನ ಕೆಳಗೇ ಉಳಿದಿತ್ತು. ನೀರು ಕುಡಿದ ಅಡಿಕೆ ಏನಾಗುತ್ತದೆ ಎಂದು ಅಜ್ಜಿಯ ಮೊಮ್ಮಗನಾದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನವರು, ಗ್ಯಾರೇಜಿನವರು, ಗಲ್ಲಿಯವರು ಎಲ್ಲ ಸೇರಿದ್ದರು. ಸ್ವಿಚ್ ಹಾಕಿದೆವು, ಕಣ್ಣು ತೆರೆಯಿತು, ಚಪ್ಪಾಳೆ. ಧಣಿ ಎಡಗಣ್ಣಿಗೆ ಕುಂಕುಮ ಹಚ್ಚಿದರು. ಬಲಗಣ್ಣಿಗೆ ಹಚ್ಚಲು ಮುಚ್ಚಳದ ಕೆಳಗೆ ಕೈ ಹಾಕಿದ್ದೇ, ಒಳಗೆ ಕರಕ್ ಎಂದಿತು. ಮುಚ್ಚಳ ಕುಸಿಯಿತು. ಧಣಿ ಕೂಗಿದ್ದು ಹೋಟೆಲಿನ ಅಡುಗೆಮನೆಯವರೆಗೂ ಕೇಳಿಸಿತು. ಈರಪ್ಪನೇ ಓಡಿಹೋಗಿ ಮುಚ್ಚಳವನ್ನು ಮೇಲೆತ್ತಿ ಕೈ ಬಿಡಿಸಿದ. ತೋರುಬೆರಳು ಎಷ್ಟು ಜಜ್ಜಿಹೋಗಿತ್ತೆಂದರೆ ಅದು ಮತ್ತೆಂದೂ ಮಡಚಲಿಲ್ಲ.

ಬೆರಳಿಗೆ ಬಟ್ಟೆ ಸುತ್ತಿಕೊಂಡು, ಆಸ್ಪತ್ರೆಗೂ ಹೋಗದೆ, ಧಣಿ ಅಲ್ಲೇ ನಿಂತು ಮೋಟಾರು ಬಿಚ್ಚಿಸಿದರು. ಒಳಗಿನಿಂದ ಕೆಂಪು ಮೆತ್ತನೆಯ ಚೂರುಗಳು ಉದುರಿದವು. ಒಂದನ್ನು ಎತ್ತಿ ಮೂಸಿದರು. "ಇದು ಎಂತದು? ಅಡಿಕೆಯಾ?"

ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಎಲ್ಲರ ಕಣ್ಣೂ ಈರಪ್ಪನ ಬಾಯಿಯ ಕಡೆ ತಿರುಗಿತು. ಬಲಗಡೆ ಅವನದು, ಅಡಿಕೆಯೂ ಅವನದು. ಈರಪ್ಪ ನನ್ನ ಕಡೆ ನೋಡಿದ. ನಾನು ಚಕ್ರದ ಕೆಳಗಿನ ನಿಂಬೆಹಣ್ಣನ್ನು ನೋಡುತ್ತಿದ್ದೆ. ಅದರ ಹಳದಿ ಇವತ್ತಿಗೂ ನನ್ನ ಕಣ್ಣಲ್ಲಿದೆ. ಧಣಿಯ ಎಡಗೈ ಎದ್ದಿತು. ಈರಪ್ಪ ಅದೇ ಮಧ್ಯಾಹ್ನ ತನ್ನ ಪಕ್ಕಡು ಸ್ಕ್ರೂಡ್ರೈವರು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಅಡಕೊತ್ತನ್ನು ಬೆಂಚಿನ ಮೇಲೇ ಬಿಟ್ಟ. ಮರೆತು ಬಿಟ್ಟನೋ, ನನಗೆಂದೇ ಬಿಟ್ಟನೋ.

ಆಮೇಲಿನದು ನನ್ನ ಏಳಿಗೆಯ ಕಥೆ. ಎರಡೂ ಕಡೆ ನನ್ನದಾಯಿತು, ಹೆಡ್ ಮೇಸ್ತ್ರಿಯಾದೆ. ಚೆಂಬೂರಿನಲ್ಲಿ ಮನೆ ಮಾಡುವಾಗ ಧಣಿಯೇ ಮುಂದೆ ನಿಂತರು. ಅವರ ಮನೆಯ ಮದುವೆ, ನಾಮಕರಣ ಎಲ್ಲದಕ್ಕೂ ನನಗೆ ಕರೆ. ಪ್ರತಿಯೊಂದರಲ್ಲೂ ಊಟವಾಗಿ ತಾಂಬೂಲದ ತಟ್ಟೆ ಬಂದ ಕೂಡಲೇ ಧಣಿ ಸೆಟೆದ ಬೆರಳನ್ನು ಎತ್ತಿ ತೋರಿಸಿ ಅಡಿಕೆ ಮೇಸ್ತ್ರಿಯ ಕಥೆ ಹೇಳುತ್ತಿದ್ದರು. ಈರಪ್ಪ ಎಂಬ ಹೆಸರು ಹೋಗಿ ಅದೇ ಹೆಸರು ನಿಂತಿತು. ಎಲ್ಲರೂ ನಗುತ್ತಿದ್ದರು. ನಾನೂ. ನಗದಿದ್ದರೆ ಗೊತ್ತಾಗುತ್ತದಲ್ಲ.

ಬಲಗಡೆಗೆ ದುಬೈಯಿಂದ ಹೊಸ ಮೋಟಾರು ತರಿಸಿದರು. ಎಡಗಡೆಯದು ಚೆನ್ನಾಗಿಯೇ ಏಳುತ್ತಿತ್ತು. ಅದನ್ನು ಯಾರೂ ಬಿಚ್ಚಲಿಲ್ಲ. ಬಿಚ್ಚದ ಹಾಗೆ ನಾನು ನೋಡಿಕೊಂಡೆ. ಒಂದೊಂದು ಮಳೆಗಾಲವೂ ಅದರ ರಬ್ಬರ್ ಟೋಪಿಗೆ ನಾನೇ ಟೇಪು ಸುತ್ತುತ್ತಿದ್ದೆ. ನನ್ನ ಶ್ರದ್ಧೆಯನ್ನು ಧಣಿ ಹೊಗಳುತ್ತಿದ್ದರು. ಆಮೇಲೆ ಗ್ಯಾರೇಜು ಮುಚ್ಚಿತು, ಕಾರು ಅವರ ಬಿಲ್ಡಿಂಗಿನಲ್ಲಿ ತಾಡಪಾಲಿನ ಕೆಳಗೆ ಸೇರಿತು. ನನ್ನ ಎದೆಯೂ ಸ್ವಲ್ಪ ಹಗುರಾಯಿತು.

ಕಳೆದ ನವರಾತ್ರಿಯಲ್ಲಿ ಧಣಿಯ ಮೊಮ್ಮಗ ನಿಖಿಲ್ ಫೋನು ಮಾಡಿದ. ಅವರ ಮನೆಯೂ ಈಗ ಚೆಂಬೂರಿನಲ್ಲೇ, ನಮ್ಮಿಂದ ನಡೆದು ಹೋಗುವಷ್ಟು ದೂರ.

"ಅಂಕಲ್, ಅಜ್ಜ ಜಿದ್ದು ಮಾಡ್ತಾ ಇದ್ದಾರೆ. ಈ ದಸರಾಕ್ಕೆ ಗಾಡಿಯ ಪೂಜಾ ಆಗ್ಬೇಕಂತೆ, ಆಂಖ್ ಓಪನ್ ಮಾಡಿ. ಸಬ್ ಮಾಡಿಸಿದ್ದೇನೆ, ಬ್ಯಾಟರಿ, ವೈರಿಂಗ್... ರೈಟ್ ವಾಲಾ ಮೇಲೆ ಬರ್ತದೆ. ಲೆಫ್ಟ್ ವಾಲಾ ಬರೋದಿಲ್ಲ."

"ನನ್ನ ಕಣ್ಣು ಮಂಜು ಮಾರಾಯ, ಕೈ ನಡುಗ್ತದೆ. ಬೇರೆ ಯಾರನ್ನಾದ್ರೂ..." ಎಂದೆ.

"ಬೇರೆಯವರು ಬೇಡ ಅಂದ್ರು ಅಜ್ಜ. ವಾಸು ಒಬ್ಬನೇ ಅದನ್ನು ಟಚ್ ಮಾಡ್ಬೇಕಂತೆ."

ಹೋದೆ. ನಾನು ಹೋಗದಿದ್ದರೆ ಬೇರೆಯವನು ಬಿಚ್ಚುತ್ತಾನೆ. ಬಿಚ್ಚಿದರೆ ಎಡಗಡೆಯೊಳಗೂ ಅಡಿಕೆ ಸಿಗುತ್ತದೆ. ಎಡಗಡೆ ಯಾರದು ಎಂಬುದು ಧಣಿಗೆ ಮರೆತಿರಲಾರದು.

ಬಿಲ್ಡಿಂಗಿನ ಕಂಪೌಂಡಿನಲ್ಲಿ ಕಾರು ನಿಂತಿತ್ತು, ತೊಳೆದು ಒರೆಸಿ ಕೆಂಪಗೆ. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಧಣಿ. ತೊಂಬತ್ತು ಹತ್ತಿರವಾದರೂ ಗಂಟಲು ಹಾಗೇ ಇದೆ. ನಿಖಿಲ್ ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಸಜ್ಜಾಗಿದ್ದ. ಎಡಗಡೆಯ ಮೋಟಾರನ್ನು ಕಳಚಿ ಪೇಪರಿನ ಮೇಲೆ ಇಟ್ಟುಕೊಂಡೆ. ಧಣಿ ಮೊಮ್ಮಗನಿಗೆ ಶುರು ಮಾಡಿದರು. "ಇದರ ಬಲಗಡೆಯದಕ್ಕೆ ಒಬ್ಬ ಅಡಿಕೆ ತುಂಬಿಸಿದ್ದ, ಗೊತ್ತುಂಟಾ? ಅಡಿಕೆ ಮೇಸ್ತ್ರಿ!"

"ಅಜ್ಜ, ನೂರು ಸಲ ಹೇಳಿದ್ದೀರಿ," ಎಂದು ನಿಖಿಲ್ ನಕ್ಕ. ನಾನೂ ನಕ್ಕೆ.

"ನಿಖಿಲ್, ಒಳ್ಳೆಯ ಗ್ರೀಸ್ ಬೇಕು. ನಾಕಾದ ಮೂಲೆ ಅಂಗಡಿಯಲ್ಲಿ ಸಿಗ್ತದೆ, ತಗೊಂಡು ಬಾ" ಎಂದು ಅವನನ್ನು ಕಳಿಸಿದೆ. ಧಣಿಯ ತಲೆ ಎದೆಯ ಮೇಲೆ ವಾಲುವುದನ್ನೇ ಕಾದೆ. ಉಸಿರು ಗೊರಗುಟ್ಟತೊಡಗಿದಾಗ ಮೋಟಾರಿನ ಮುಚ್ಚಳ ತೆಗೆದೆ. ಚಕ್ರದ ಮಧ್ಯದ ಅಚ್ಚು ಸವೆದು ತೋಳಿನಿಂದ ಬಿಟ್ಟಿತ್ತು, ಏಳದ್ದು ಅದಕ್ಕೇ. ಅಡಿಕೆಯ ಗುಂಡುಗಳು ಮೂರೂ ಹಾಗೆಯೇ ಇದ್ದವು, ಗ್ರೀಸು ಕುಡಿದು ಕಪ್ಪಾಗಿ, ಹುಣಸೆಬೀಜದ ಹಾಗೆ ಹೊಳೆಯುತ್ತ. ನನ್ನ ಅರದ ಗುರುತು ಕೂಡ ಅಳಿಸಿರಲಿಲ್ಲ.

ಒಂದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿದೆ. ಎರಡನೆಯದನ್ನು ಹಾಕಿದೆ. ಮೂರನೆಯದು ಬೆರಳಿಗೆ ಅಂಟಿಕೊಂಡಿದ್ದಾಗ ಧಣಿಯ ದನಿ ಕೇಳಿಸಿತು.

"ಎಂತ ವಾಸು, ಎಂತ ಉಂಟು ಒಳಗೆ?"

ಅವರು ಕಣ್ಣು ತೆರೆದೇ ಇದ್ದರು. ಎಷ್ಟು ಹೊತ್ತಿನಿಂದ ತೆರೆದಿದ್ದರೋ. ಇಷ್ಟು ವರ್ಷ ಕಳೆದಿದೆ, ವಯಸ್ಸಾಗಿದೆ, ಪಶ್ಚಾತ್ತಾಪ ಪಟ್ಟಿದ್ದೇನೆ ಎಂದೆಲ್ಲ ನನ್ನ ಬಗ್ಗೆ ನನಗೊಂದು ಸದಭಿಪ್ರಾಯ ಬೆಳೆದಿತ್ತು. ಅದನ್ನು ಪರೀಕ್ಷಿಸಲು ಇದಕ್ಕಿಂತ ಸುಲಭದ ಪ್ರಶ್ನೆ ಬೇಕಿರಲಿಲ್ಲ.

"ಗ್ರೀಸ್ ಒಣಗಿದೆ ಧಣಿ," ಎಂದೆ.

ಸವೆದ ಅಚ್ಚಿಗೆ ಲೋಹದ ಬಳೆ, ಅಂದರೆ ಬುಶ್, ಹಾಕಿಸಿ ತರುತ್ತೇನೆಂದು ಚಕ್ರವನ್ನು ಪೇಪರಿನಲ್ಲಿ ಸುತ್ತಿಕೊಂಡು ಹೊರಟೆ. ಮನೆಗೆ ಹೋಗಲಾಗಲಿಲ್ಲ. ಸ್ಟೇಷನ್ನಿಗೆ ನಡೆದೆ. ದಾದರಿಗೆ ಹೋಗಿ ಗಾಡಿ ಬದಲಿಸಿ ಬೊರಿವಲಿಯ ಲೋಕಲ್ ಹತ್ತಿದೆ. ಈರಪ್ಪ ಬೊರಿವಲಿ ಸ್ಟೇಷನ್ನಿನ ಹತ್ತಿರ ರಿಕ್ಷಾಗಳ ಬ್ಯಾಟರಿ, ವೈರಿಂಗ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ ಎಂಬುದು ನನಗೆ ಬಹಳ ವರ್ಷಗಳಿಂದ ಗೊತ್ತು. ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಅವನು ಕಂಡಿದ್ದ. ನಾನು ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದು ದಾಟಿದ್ದೆ. ಅವತ್ತು ಮಳೆಯಿರಲಿಲ್ಲ.

ಅಂಗಡಿಯಲ್ಲಿ ಅವನೊಬ್ಬನೇ ಸ್ಟೂಲಿನ ಮೇಲೆ ಕೂತಿದ್ದ. ತಲೆ ಪೂರ್ತಿ ಬೆಳ್ಳಗೆ, ಕೆನ್ನೆ ಮಾತ್ರ ಅದೇ ಹಳೆಯ ಹಾಗೆ ಒಂದು ಕಡೆ ಉಬ್ಬಿತ್ತು. ನನ್ನನ್ನು ನೋಡಿ ಅವನು ಆಶ್ಚರ್ಯ ತೋರಿಸಲಿಲ್ಲ.

"ಬಾರಲೇ ವಾಸು. ಇವತ್ತ ಛತ್ರಿ ಮರತ ಬಂದೀ ಏನು?"

ನಾನು ಉತ್ತರ ಕೊಡದೆ ಜೇಬಿನಿಂದ ಮೂರು ಗುಂಡು ತೆಗೆದು ಅವನ ಮುಂದೆ ಇಟ್ಟೆ. ಅವನು ಒಂದನ್ನು ಬೆಳಕಿಗೆ ಹಿಡಿದ, ಉಗುರಿನಿಂದ ಕೆರೆದ, ಮೂಸಿದ.

"ಎಡಗಡೇದು?"

"ಹೌದು."

"ಇಷ್ಟ ವರ್ಷ ನಿಂತೈತಿ?" ಎಂದು ಅವನು ಬಿದ್ದು ಬಿದ್ದು ನಗತೊಡಗಿದ. "ಕಂಪನಿ ಮಾಲು ಪುಡಿಪುಡಿ ಆತು, ನನ್ನ ಅಡಕಿ ಕಲ್ಲಾಗಿ ಕುಂತೈತಿ! ನೋಡಲೇ, ಎಂಥಾ ಮಾಲು ತರತಿದ್ದೆ ನಾ!" ನನಗೂ ನಗು ಬಂತು. ಆಗ ಅವನು ಥಟ್ಟನೆ ನಿಲ್ಲಿಸಿದ. "ನೀ ನಗಬ್ಯಾಡ."

ಪಕ್ಕದ ಇನ್ನೊಂದು ಸ್ಟೂಲು ಎಳೆದುಕೊಂಡು ಕೂತೆ. ಕೊನೆಗೆ ನಾನೇ ಕೇಳಿದೆ. "ಅವತ್ತು ನೀನು ಯಾಕೆ ಹೇಳ್ಲಿಲ್ಲ ಈರಪ್ಪ? ಗ್ಯಾರೇಜಲ್ಲೇ ಇರ್ಲಿಲ್ಲ, ವಿ.ಟಿ.ಗೆ ಹೋಗಿದ್ದೆ, ಅಷ್ಟು ಹೇಳಿದ್ರೆ ಸಾಕಿತ್ತು."

"ಬಾಯಿ ತುಂಬ ರಸ ಇತ್ತಲೇ. ಪೂಜಾದ ಮುಂದ ಎಲ್ಲಿ ಉಗುಳ್ಲಿ? ಉಗುಳಿ ಬರೂದ್ರಾಗ ಕಪಾಳಕ್ಕ ಬಿದ್ದಿತ್ತು." ಸ್ವಲ್ಪ ತಡೆದು, "ಅದೂ ಸುಳ್ಳು. ನೀ ಹೇಳ್ತಿ ಅಂತ ನಿಂತಿದ್ದೆ. ನನ್ನ ಕೈಯಾಗ ಉಂಡಾಂವ, ಹೇಳ್ತಾನು ಅಂತ. ನಾನಽ ಹೇಳಿದ್ರ ನಿನ್ನ ಕಪಾಳಕ್ಕ ಬೀಳತಿತ್ತು" ಎಂದ.

ಆಮೇಲೆ ಅವನು ಹೇಳಿದ್ದನ್ನು ನಾನು ಹಾಗೆಯೇ ಬರೆಯುತ್ತೇನೆ. "ಕೆಲಸ ಹೋತು, ಹೋಗ್ಲಿ. ಬ್ಯಾರೆ ಸಿಕ್ತು. ಮಗಳ ಲಗ್ನದಾಗ ಬೀಗರ ಕಡ್ಯಾಂವ ಒಬ್ಬ ಗ್ರಾಂಟ್ ರೋಡಿನ್ಯಾಂವ ಬಂದಿದ್ದ. ಊಟದ ಪಂಕ್ತ್ಯಾಗ ಕೇಳಿದ, ಅಡಕಿ ಮೇಸ್ತ್ರಿ ಅಂದ್ರ ನೀವಽ ಏನ್ರಿ ಅಂತ. ಮಗಳು ನನ್ನ ಮಾರಿ ನೋಡಿತು. ಅಷ್ಟ."

ನಾನು ಅವನ ಕಾಲು ಹಿಡಿಯಲು ಬಗ್ಗಿದೆ. "ಏ, ಗಿರಾಕಿ ನೋಡ್ತಾರು, ಏಳು" ಎಂದು ಗದರಿಸಿದ. ಚಕ್ರವನ್ನು ಪೇಪರಿನಿಂದ ಬಿಡಿಸಿ, ಕನ್ನಡಕ ಹಾಕಿಕೊಂಡು, ನನಗೆ ಬೆನ್ನು ತಿರುಗಿಸಿ ಕೂತ. ಗರಗಸದ ಸದ್ದು, ಅರದ ಸದ್ದು, ಸುತ್ತಿಗೆಯ ಸಣ್ಣ ಪೆಟ್ಟು. ತಿರುಗಿದಾಗ ಅಚ್ಚಿಗೆ ಹೊಸ ಬುಶ್ ಕೂತಿತ್ತು, ಚಕ್ರದ ಹೊಟ್ಟೆ ಮುಚ್ಚಿತ್ತು. ಮೇಲೆ ದಪ್ಪಗೆ ಗ್ರೀಸ್ ಮೆತ್ತಿತ್ತು. ನನ್ನ ಮೂರು ಅಡಿಕೆಯ ಗುಂಡುಗಳಲ್ಲಿ ಒಂದು ಮಾತ್ರ ಮೇಜಿನ ಮೇಲಿತ್ತು.

"ಒಳಗೆ ಏನು ಹಾಕಿದೆ?" ಎಂದೆ.

"ಬಿಚ್ಚಿ ನೋಡಬ್ಯಾಡ. ಅವತ್ತ ನಾ ನೋಡಿದ್ನೇನು?"

ನಾನು ಚಕ್ರವನ್ನು ಮತ್ತೆ ಪೇಪರಿನಲ್ಲಿ ಸುತ್ತಿದೆ.

"ದಸರಾಕ್ಕ ನಾ ಬರ್ತೀನಿ," ಎಂದ ಅವನು. "ಬಂದು ಸುಮ್ಮ ನಿಂದರ್ತೀನಿ. ಬಾಯಿ ತುಂಬ ಅಡಕಿ ಹಾಕ್ಕೊಂಡ. ಹೇಳಾಂವ ನೀನು. ಆ ಮುದುಕನ ಮುಂದ, ಎಲ್ಲಾರ ಮುಂದ. ನೀ ಹೇಳಲಿಲ್ಲಂದ್ರ ನಾ ಹಂಗಽ ತಿರುಗಿ ಬರ್ತೀನಿ. ಮತ್ತೊಮ್ಮೆ ಈ ಅಂಗಡಿ ಮುಂದ ಛತ್ರಿ ಹಿಡದು ಸುದ್ದಾ ಹಾಯಬ್ಯಾಡ." ಉಳಿದ ಒಂದು ಗುಂಡನ್ನು ನನ್ನ ಜೇಬಿಗೆ ಅವನೇ ಹಾಕಿದ.

ಆ ಚಕ್ರವನ್ನು ನಾನು ಬಿಚ್ಚಲಿಲ್ಲ. ಬಿಚ್ಚಬೇಕೆಂದು ಸ್ಕ್ರೂಡ್ರೈವರು ಕೈಗೆತ್ತಿಕೊಂಡು ಇಟ್ಟದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಹಾಗೆಯೇ ಕಾರಿಗೆ ಕೂರಿಸಿದೆ.

ಆಯುಧ ಪೂಜೆಯ ಬೆಳಿಗ್ಗೆ ಕಂಪೌಂಡಿನಲ್ಲಿ ಧಣಿಯ ಮಕ್ಕಳು, ಸೊಸೆಯಂದಿರು, ಹಳೆಯ ಹೋಟೆಲಿನ ಕೆಲವರು, ಬಿಲ್ಡಿಂಗಿನವರು ಎಲ್ಲ ಇದ್ದರು. ಚಕ್ರಗಳ ಕೆಳಗೆ ನಿಂಬೆಹಣ್ಣು. ಗೇಟಿನ ಹತ್ತಿರ ಈರಪ್ಪ ಬಂದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡೂ ಕೆನ್ನೆ ಉಬ್ಬಿದ್ದವು. ಯಾರೂ ಅವನನ್ನು ಗುರುತಿಸಲಿಲ್ಲ. ನಿಖಿಲ್ ಸ್ವಿಚ್ ಹಾಕಿದ. ಎರಡೂ ಕಣ್ಣು ಎದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಧಣಿ ಕುಂಕುಮದ ಬಟ್ಟಲಿಗೆ ಕೈ ಚಾಚುತ್ತ, ನಾನು ಅಂದುಕೊಂಡ ಹಾಗೆಯೇ ಸೆಟೆದ ಬೆರಳನ್ನು ಎತ್ತಿದರು. "ಅಡಿಕೆ ಮೇಸ್ತ್ರಿ ಅಂತ ಒಬ್ಬ ಇದ್ದ..."

"ಧಣಿ," ಎಂದೆ. ಜೇಬಿನ ಗುಂಡನ್ನು ತೆಗೆದು ಅವರ ಅಂಗೈಯಲ್ಲಿ ಇಟ್ಟೆ. "ಇದು ಎಡಗಡೆಯ ಮೋಟಾರಿನಲ್ಲಿ ಸಿಕ್ಕಿದ್ದು. ಎಡಗಡೆ ನನ್ನದು. ಬಲಗಡೆಯದನ್ನೂ ಅವತ್ತು ಮಾಡಿದ್ದು ನಾನೇ. ಅಡಿಕೆ ಮಾತ್ರ ಈರಪ್ಪನದು. ಅವನು ಗ್ಯಾರೇಜಿನಲ್ಲೇ ಇರ್ಲಿಲ್ಲ. ಮುಟ್ಟಬೇಡ ಅಂತ ಹೇಳಿ ಹೋಗಿದ್ದ."

ಧಣಿ ಗುಂಡನ್ನು ಬಹಳ ಹೊತ್ತು ನೋಡಿದರು. "ಮೊನ್ನೆ ಗ್ರೀಸ್ ಒಣಗಿದೆ ಅಂದೆಯಲ್ಲ?"

"ಅದೂ ಸುಳ್ಳು ಧಣಿ."

"ಇಷ್ಟು ವರ್ಷ ನನ್ನ ಮನೆಯಲ್ಲಿ ಊಟ ಮಾಡಿದೆ. ನಾನು ಆ ಕತೆ ಹೇಳುವಾಗ ನೀನೂ ನಗ್ತಾ ಇದ್ದೆ."

ನಾನು ಗೇಟಿನ ಕಡೆ ಕೈ ತೋರಿಸಿದೆ. ಈರಪ್ಪ ಹತ್ತಿರ ಬಂದು ನಿಂತ.

"ನಾನು ನಿನಗೆ ಹೊಡೆದಿದ್ದೆ ಅಲ್ವಾ?" ಎಂದರು ಧಣಿ. ಈರಪ್ಪ ಬಾಯಿ ತೆರೆಯಲಿಲ್ಲ. ಎರಡು ಬೆರಳು ಎತ್ತಿ ತೋರಿಸಿದ.

"ಎರಡಾ? ಒಂದು ಅಂತ ನನ್ನ ನೆನಪು."

ಈರಪ್ಪ ತಲೆಯಾಡಿಸಿ, ಎರಡೂ ಕೆನ್ನೆಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದ. ಹಿಂದೆ ಯಾರೋ ನಗಲು ಹೊರಟು ತಡೆದುಕೊಂಡರು. ಧಣಿ ಸೆಟೆದ ಬೆರಳಿನ ಕೈಯನ್ನು ಇನ್ನೊಂದು ಕೈಗೆ ಜೋಡಿಸಿ ಎದೆಯವರೆಗೆ ಎತ್ತಿದರು. ಆ ಒಂದು ಬೆರಳು ಮಾತ್ರ ಉಳಿದವುಗಳಿಗೆ ಸೇರದೆ ಹೊರಗೆ ಚಾಚಿಕೊಂಡಿತ್ತು. ಮತ್ತೆ ನನ್ನ ಕಡೆ ತಿರುಗಿದಾಗ ಅವರ ದನಿಯಲ್ಲಿ ಹಳೆಯ ಗಲ್ಲಿಯ ಧಣಿ ಇದ್ದರು.

"ಕುಂಕುಮ ಇವತ್ತು ನಾನು ಹಚ್ಚುವುದಿಲ್ಲ. ನೀನು ಹಚ್ಚು. ನಿಖಿಲ್, ನೀನು ಇಳಿ. ಸ್ವಿಚ್ಚಿನ ಹತ್ತಿರ ಈರಪ್ಪ ಕೂತುಕೊಳ್ಳಲಿ."

ಈರಪ್ಪ ಕಾರಿನೊಳಗೆ ಕೂತ. ನಾನು ಬಟ್ಟಲು ಹಿಡಿದು ಮುಂದೆ ಹೋದೆ. ಬಲಗಣ್ಣಿಗೆ ಹಚ್ಚಿದೆ. ಎಡಗಣ್ಣಿನ ಮುಂದೆ ಬಂದು ನಿಂತೆ. ಗಾಜಿನ ಮೂಲಕ ಅವನ ಮುಖ ಕಾಣುತ್ತಿತ್ತು. ಕೈ ಸ್ವಿಚ್ಚಿನ ಮೇಲಿತ್ತು, ಕಣ್ಣು ನನ್ನ ಮೇಲಿತ್ತು. ಆ ಮುಚ್ಚಳವನ್ನು ಎತ್ತಿ ಹಿಡಿದಿದ್ದದ್ದು ಅವನು ನನಗೆ ತೋರಿಸದೆ ಒಳಗೆ ಹಾಕಿದ ಯಾವುದೋ ಮೂರು ಚೂರು. ನೈಲಾನೋ, ರಬ್ಬರೋ, ಅಥವಾ ಮೇಜಿನ ಮೇಲೆ ಮತ್ತೆ ಕಾಣದ ಆ ಎರಡು ಅಡಿಕೆಯೋ. ಬೆರಳನ್ನು ಕುಂಕುಮದಲ್ಲಿ ಅದ್ದಿ ಮುಚ್ಚಳದ ಕೆಳಗೆ ಇಟ್ಟೆ. ಗಾಜು ತಣ್ಣಗಿತ್ತು. ಕುಂಕುಮ ಬೊಟ್ಟಾಗದೆ ಗೀರಾಯಿತು. ಒರೆಸಿ ಮತ್ತೆ ಹಚ್ಚಿದೆ. ಅವನ ಕೈ ಸ್ವಿಚ್ಚಿನಿಂದ ಕದಲಲಿಲ್ಲ, ನನ್ನ ಕೈಯನ್ನು ನಾನು ಹೊರಗೆ ತೆಗೆಯಲಿಲ್ಲ.

ಆಗ ಕಾರಿನ ಬಾಗಿಲು ತೆರೆದುಕೊಂಡಿತು. ಈರಪ್ಪ ತಲೆ ಹೊರಗೆ ಹಾಕಿ, ಗೋಡೆಯ ಬದಿಯ ಮೋರಿಗೆ ಬಾಯಿ ತುಂಬಿದ್ದನ್ನೆಲ್ಲ ಉಗುಳಿ, ಅಂಗಿಯ ತೋಳಿನಿಂದ ತುಟಿ ಒರೆಸಿಕೊಂಡ.

"ಕೈ ತಗೀಲೇ ವಾಸು," ಎಂದ. "ಮುಚ್ಚೂದೈತಿ."